ಕ್ಯಾಂಡಿಡೇಟ್ ಅಂದ್ರೆ ಬಿಳಿ ಬಟ್ಟೆಯವನು: ರೋಮಿನ ಸುಣ್ಣದಿಂದ ನಮ್ಮ ಅಫಿಡವಿಟ್‌ವರೆಗೆ

ನಾನು ಮೊದಲ ಸಲ ‘ಕ್ಯಾಂಡಿಡೇಟ್’ ಆಗಿದ್ದು ಹಾಲ್ ಟಿಕೆಟ್ ಮೇಲೆ. ಫೋಟೋ ಕೆಳಗೆ ಸಹಿ ಹಾಕೋಕೆ ಒಂದು ಗೆರೆ ಇರುತ್ತಲ್ಲ, ಅಲ್ಲಿ. ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುವಾಗ ಎಚ್‌ಆರ್‌ನವರ ಬಾಯಲ್ಲಿ ಮತ್ತೊಮ್ಮೆ ಕ್ಯಾಂಡಿಡೇಟ್ ಆದೆ. ಕೋಡ್ ಬರೆಯೋದು ಬಿಟ್ಟು ಸುದ್ದಿ ಬರೆಯೋಕೆ ಬಂದ ಮೇಲಂತೂ ಈ ಪದ ಕೇಳದ ದಿನವೇ ಇಲ್ಲ. “ಆ ಕ್ಷೇತ್ರಕ್ಕೆ ಕ್ಯಾಂಡಿಡೇಟ್ ಯಾರು?”, “ಕ್ಯಾಂಡಿಡೇಟ್ ವೀಕು, ಪಾರ್ಟಿ ಸ್ಟ್ರಾಂಗು” – ಚಹಾ ಅಂಗಡಿಯಲ್ಲೂ ಇದೇ ಮಾತು, ನ್ಯೂಸ್‌ರೂಮಿನಲ್ಲೂ ಇದೇ ಮಾತು.

ಒಂದು ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆಯ ದಿನ ತಾಲ್ಲೂಕು ಕಚೇರಿ ಮುಂದೆ ನಿಂತಿದ್ದೆ. ತೆರೆದ ವಾಹನ, ತಮಟೆ, ಸೇಬಿನ ಹಾರ. ಗಂಟೆಗೊಬ್ಬರಂತೆ ಮೂರು ಪಕ್ಷದವರು ಬಂದು ಹೋದರು. ಹೆಗಲ ಮೇಲಿನ ಶಾಲಿನ ಬಣ್ಣ ಬೇರೆ ಬೇರೆ, ಆದರೆ ಅಂಗಿ ಮಾತ್ರ ಮೂವರದ್ದೂ ಒಂದೇ: ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ. ಒಳಗೆ ನೋಟಿಸ್ ಬೋರ್ಡ್ ಮೇಲೆ ಅಭ್ಯರ್ಥಿಗಳ ಅಫಿಡವಿಟ್ ಪ್ರತಿಗಳನ್ನು ಅಂಟಿಸಿದ್ದರು. ಅರ್ಧ ಗಂಟೆ ಅಲ್ಲೇ ಇದ್ದೆ. ಹೊರಗೆ ಸಾವಿರಾರು ಜನ ಬಿಳಿ ಅಂಗಿಗೆ ಜೈಕಾರ ಹಾಕುತ್ತಿದ್ದರು, ಒಳಗಿನ ಕಾಗದದ ಕಡೆ ಒಬ್ಬರೂ ತಲೆ ಎತ್ತಿ ನೋಡಲಿಲ್ಲ.

ಅವತ್ತು ರಾತ್ರಿ ವರದಿ ಬರೆದು ಮುಗಿಸಿ, ಸುಮ್ಮನೆ ‘ಕ್ಯಾಂಡಿಡೇಟ್’ ಎಂಬ ಪದದ ಮೂಲ ಹುಡುಕಿದೆ. ನಮ್ಮ ರಾಜಕಾರಣಿಗಳ ಬಿಳಿಯನ್ನು ರೋಮಿನವರಿಂದ ಕಲಿತದ್ದಲ್ಲ, ಅದು ಖಾದಿ ಚಳವಳಿಯಿಂದ ಬಂದದ್ದು. ಆದರೆ ಪದದ ಒಳಗೇ ಒಂದು ಬಿಳಿ ಬಟ್ಟೆ ಕೂತಿದೆ ಅನ್ನೋದು ಮಾತ್ರ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸುಣ್ಣ ಬಳಿದ ಟೋಗಾ

ಲ್ಯಾಟಿನ್‌ನಲ್ಲಿ ಬಿಳಿಗೆ ಎರಡು ಪದ ಇದ್ದವು. ‘ಆಲ್ಬುಸ್’ ಅಂದರೆ ಹೊಳಪಿಲ್ಲದ ಸಾದಾ ಬಿಳಿ. ‘ಕ್ಯಾಂಡಿಡುಸ್’ ಅಂದರೆ ಕಣ್ಣು ಕುಕ್ಕುವ, ಹೊಳೆಯುವ ಬಿಳಿ. ಇದು ‘ಕ್ಯಾಂಡೇರೆ’, ಅಂದರೆ ಹೊಳೆ, ಪ್ರಜ್ವಲಿಸು ಎಂಬ ಕ್ರಿಯಾಪದದಿಂದ ಬಂದದ್ದು.

ರೋಮಿನ ಸಾಮಾನ್ಯ ನಾಗರಿಕನ ಟೋಗಾ ಬಣ್ಣ ಹಾಕದ ಉಣ್ಣೆಯದು, ಮಾಸಲು ಬಿಳಿ. ಚುನಾವಣೆಗೆ ನಿಲ್ಲುವವನು ಅದಕ್ಕೆ ಸೀಮೆಸುಣ್ಣ ಉಜ್ಜಿಸಿ ಇನ್ನಷ್ಟು ಬೆಳ್ಳಗೆ ಮಾಡಿಸಿಕೊಂಡು ಫೋರಂಗೆ, ಅಂದರೆ ಊರ ನಡುವಿನ ಸಾರ್ವಜನಿಕ ಚೌಕಕ್ಕೆ ಇಳಿಯುತ್ತಿದ್ದ. ಆ ಬಟ್ಟೆಯ ಹೆಸರು ‘ಟೋಗಾ ಕ್ಯಾಂಡಿಡಾ’. ಅದನ್ನು ತೊಟ್ಟವನು ‘ಕ್ಯಾಂಡಿಡಾಟುಸ್’. ಪದದ ನೇರ ಅರ್ಥ ಇಷ್ಟೇ: ಬೆಳ್ಳಗೆ ಮಾಡಿದ ಬಟ್ಟೆ ತೊಟ್ಟವನು.

ಇಲ್ಲೊಂದು ವಾಟ್ಸ್‌ಆ್ಯಪ್ ಜ್ಞಾನವನ್ನು ಬದಿಗಿಡಬೇಕು. “ಕ್ಯಾಂಡಿಡೇಟ್ ಅಂದ್ರೆ ಶುದ್ಧ ಚಾರಿತ್ರ್ಯದವನು, ಅದಕ್ಕೇ ಬಿಳಿ ಬಟ್ಟೆ” ಅಂತ ಒಂದು ವ್ಯಾಖ್ಯಾನ ಆಗಾಗ ಓಡಾಡುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಸುಣ್ಣ ಉಜ್ಜುತ್ತಿದ್ದದ್ದು ಗುಂಪಿನಲ್ಲಿ ಎದ್ದು ಕಾಣಲಿ ಅಂತ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದು ಬ್ರ್ಯಾಂಡಿಂಗ್, ಫ್ಲೆಕ್ಸ್ ಬ್ಯಾನರ್‌ನ ಮುತ್ತಜ್ಜ. ಇದನ್ನು ರೋಮಿನವರೇ ಗುರುತಿಸಿದ್ದರು. ಕ್ರಿ.ಪೂ. 432ರಲ್ಲಿ, ಚುನಾವಣೆಗಾಗಿ ಯಾರೂ ಬಟ್ಟೆಗೆ ಬಿಳಿ ಸೇರಿಸಬಾರದು ಅಂತ ಒಂದು ಕಾನೂನು ತಂದರು ಎಂದು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಈಗ ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಆಗ ಕುಲೀನರಿಗೂ ಜನಸಾಮಾನ್ಯರಿಗೂ ದೊಡ್ಡ ಜಗಳವೇ ಆಗಿತ್ತು ಅಂತಲೂ ಸೇರಿಸುತ್ತಾನೆ. ಕಾನೂನಿನ ಗತಿ ಏನಾಯಿತು ಅನ್ನೋದಕ್ಕೆ ಪದವೇ ಸಾಕ್ಷಿ. ನಿಷೇಧ ಮರೆತುಹೋಯಿತು, ಬಿಳಿ ಉಳಿಯಿತು.

ಟೋಗಾ ಒಳಗೆ ಅಂಗಿ ತೊಡದೆ ಬರುವ ರೂಢಿಯೂ ಅಭ್ಯರ್ಥಿಗಳಿಗಿತ್ತು. ಯಾಕೆ ಅಂತ ಪ್ಲುಟಾರ್ಕ್ ಹಲವು ಕಾರಣ ಎತ್ತಿಕೊಂಡು ಚರ್ಚಿಸುತ್ತಾನೆ. ಮತ ಬೇಡುವವನು ವಿನಯದಿಂದ ಕಾಣಲಿ ಅಂತ ಇರಬಹುದು. ಯುದ್ಧದ ಗಾಯದ ಗುರುತು ಜನರಿಗೆ ಕಾಣಲಿ ಅಂತ ಇರಬಹುದು. ಅಥವಾ, ಬಟ್ಟೆಯ ಮಡಿಕೆಯಲ್ಲಿ ಲಂಚದ ಹಣ ಅಡಗಿಸಿಕೊಂಡು ಬರದಿರಲಿ ಅಂತ ಇರಬಹುದು.

ಸುತ್ತಾಡುವವನ ಪದ

ಕ್ಯಾಂಡಿಡೇಟ್ ಜೊತೆಗೇ ಹುಟ್ಟಿದ ಇನ್ನೊಂದು ಪದ ‘ಆ್ಯಂಬಿಷನ್’. ಇವತ್ತು ಅದನ್ನು ಮಹತ್ವಾಕಾಂಕ್ಷೆ ಅಂತೀವಿ, ರೆಸ್ಯೂಮೆಯಲ್ಲಿ ಹೆಮ್ಮೆಯಿಂದ ಬರೆದುಕೊಳ್ತೀವಿ. ಮೂಲ ‘ಆಂಬಿರೆ’: ‘ಆಂಬಿ’ ಅಂದರೆ ಸುತ್ತ, ‘ಇರೆ’ ಅಂದರೆ ಹೋಗು. ಮತಕ್ಕಾಗಿ ಊರು ಸುತ್ತುವುದು, ಅಷ್ಟೇ. ಅಭ್ಯರ್ಥಿಯ ಪಕ್ಕದಲ್ಲಿ ‘ನೊಮೆಂಕ್ಲಾಟೋರ್’ ಎಂಬ ಗುಲಾಮ ಇರುತ್ತಿದ್ದ. ಎದುರಿಗೆ ಬರುವವನ ಹೆಸರನ್ನು ಯಜಮಾನನ ಕಿವಿಯಲ್ಲಿ ಪಿಸುಗುಟ್ಟುವುದು ಅವನ ಕೆಲಸ. ಯಜಮಾನ ಹಳೇ ಪರಿಚಯದವನಂತೆ ಹೆಸರು ಹಿಡಿದು ಕೂಗಿ ಕೈ ಕುಲುಕುತ್ತಿದ್ದ. ನಮ್ಮಲ್ಲಿ ಶಾಸಕರ ಪಿಎಗಳು ಮದುವೆ ಮನೆಯಲ್ಲಿ ಮಾಡುವ ಕೆಲಸ ಇದೇ ಅಲ್ವಾ?

ಅದೇ ಸುತ್ತಾಟಕ್ಕೆ ‘ಆಂಬಿಟುಸ್’ ಎಂಬ ಇನ್ನೊಂದು ರೂಪ ಇತ್ತು. ಕಾನೂನಿನ ಭಾಷೆಯಲ್ಲಿ ಅದರ ಅರ್ಥ ಚುನಾವಣಾ ಅಕ್ರಮ. ಕ್ರಿ.ಪೂ. 358ರಲ್ಲೇ ಸಂತೆ, ಜಾತ್ರೆ ಸುತ್ತಿ ಮತ ಕೇಳುವುದಕ್ಕೆ ಕಡಿವಾಣ ಹಾಕುವ ಕಾನೂನು ಬಂತು. ಲಿವಿ ಪ್ರಕಾರ ಅದರ ಗುರಿ, ಹಳೇ ಮನೆತನದವರಲ್ಲದೆ ಹೊಸದಾಗಿ ರಾಜಕೀಯಕ್ಕೆ ಬರುತ್ತಿದ್ದವರು. ಶುದ್ಧೀಕರಣದ ಹೆಸರಿನಲ್ಲಿ ಹೊಸಬರಿಗೆ ಬಾಗಿಲು ಹಾಕುವ ಉಪಾಯ ನಿನ್ನೆ ಮೊನ್ನೆಯದಲ್ಲ.

ಗಣರಾಜ್ಯದ ಕೊನೆಯ ಶತಮಾನದ ಹೊತ್ತಿಗೆ ಲಂಚ ಒಂದು ಉದ್ಯಮವಾಗಿತ್ತು. ಮತದಾರರ ಗುಂಪುಗಳಿಗೆ ಹಣ ಹಂಚುವ ಏಜೆಂಟರಿಗೆ ‘ಡಿವಿಸೋರ್’ ಅಂತ ಹೆಸರು. ಹಂಚುವ ತನಕ ಹಣವನ್ನು ಇಟ್ಟುಕೊಳ್ಳುವ ನಂಬಿಕಸ್ತನಿಗೆ ‘ಸೀಕ್ವೆಸ್ಟರ್’ ಅಂತ ಹೆಸರು. ಕೆಲಸಕ್ಕೊಂದು ಹುದ್ದೆ, ಹುದ್ದೆಗೊಂದು ಪದ.

ಕಾನೂನು ತಂದವನೇ ವಕೀಲ

ಕ್ರಿ.ಪೂ. 64ರಲ್ಲಿ ಸಿಸೆರೋ ಕಾನ್ಸಲ್ ಹುದ್ದೆಗೆ ಸ್ಪರ್ಧಿಸಿದ. ಅದು ಗಣರಾಜ್ಯದ ಅತ್ಯುನ್ನತ ಹುದ್ದೆ. ಎದುರಾಳಿಗಳಾದ ಕ್ಯಾಟಿಲಿನ್ ಮತ್ತು ಆಂಟೋನಿಯಸ್ ಹಣ ಚೆಲ್ಲುತ್ತಿದ್ದಾರೆ ಅಂತ ಸೆನೆಟ್‌ನಲ್ಲಿ ಎದ್ದು ನಿಂತು ಒಂದು ಭಾಷಣ ಮಾಡಿದ. ಅದರ ಹೆಸರೇ ‘ಇನ್ ಟೋಗಾ ಕ್ಯಾಂಡಿಡಾ’, ಅಂದರೆ ‘ಅಭ್ಯರ್ಥಿಯ ಬಿಳಿ ಟೋಗಾ ತೊಟ್ಟು’. ಪೂರ್ತಿ ಭಾಷಣ ನಮಗೆ ಸಿಕ್ಕಿಲ್ಲ. ಆಸ್ಕೋನಿಯಸ್ ಎಂಬ ವ್ಯಾಖ್ಯಾನಕಾರ ಉಳಿಸಿದ ತುಣುಕುಗಳು ಮಾತ್ರ ಇವೆ.

ಸಿಸೆರೋ ಗೆದ್ದ. ಮರುವರ್ಷ ಕಾನ್ಸಲ್ ಆಗಿ ಚುನಾವಣಾ ಲಂಚಕ್ಕೆ ಹತ್ತು ವರ್ಷ ಗಡಿಪಾರು ವಿಧಿಸುವ ಕಾನೂನು ತಂದ. ಅದೇ ವರ್ಷ ಮುರೇನಾ ಎಂಬ ಗೆದ್ದ ಅಭ್ಯರ್ಥಿಯ ಮೇಲೆ, ಸೋತ ಅಭ್ಯರ್ಥಿಯೂ ಕಿರಿಯ ಕೇಟೋನೂ ಸೇರಿ ಲಂಚದ ಕೇಸು ಹಾಕಿದರು. ಮುರೇನಾ ಪರ ವಾದಿಸಿದವರಲ್ಲಿ ಯಾರಿದ್ದರು ಗೊತ್ತಾ? ಸಿಸೆರೋನೇ. ಕ್ಯಾಟಿಲಿನ್‌ನ ಬಂಡಾಯದ ಭಯ ಊರನ್ನು ಕವಿದಿರುವಾಗ ಗೆದ್ದ ಸೇನಾನಿಯನ್ನು ಕೆಳಗಿಳಿಸುವುದು ದೇಶಕ್ಕೆ ಅಪಾಯ ಅನ್ನೋದು ಅವನ ವಾದ. ಮುರೇನಾ ಖುಲಾಸೆಯಾದ. ಕಾನೂನು ಬರೆದ ಕೈಯೇ ಅದರಿಂದ ನುಣುಚಿಕೊಳ್ಳುವ ದಾರಿಯನ್ನೂ ತೋರಿಸಿತು. ನೆಪ ಮಾತ್ರ ರಾಷ್ಟ್ರೀಯ ಭದ್ರತೆ.

ಇದರ ಮುಂದಿನ ಅಧ್ಯಾಯ ನನಗೆ ಇನ್ನೂ ಕಾಡುತ್ತೆ. ಗಣರಾಜ್ಯ ಹೋಗಿ ಚಕ್ರವರ್ತಿಗಳ ಆಳ್ವಿಕೆ ಬಂತು. ಕ್ರಿ.ಶ. 14ರಲ್ಲಿ ಟೈಬೀರಿಯಸ್ ಕಾಲಕ್ಕೆ ಅಧಿಕಾರಿಗಳ ಆಯ್ಕೆ ಜನರ ಸಭೆಯಿಂದ ಸೆನೆಟ್‌ಗೆ ಹೋಯಿತು. ಮತದಾರ ಹೋದ, ಆದರೆ ‘ಕ್ಯಾಂಡಿಡಾಟುಸ್’ ಎಂಬ ಪದ ಹೋಗಲಿಲ್ಲ. ಚಕ್ರವರ್ತಿ ಶಿಫಾರಸು ಮಾಡಿದವನನ್ನು ‘ಸೀಸರನ ಕ್ಯಾಂಡಿಡೇಟ್’ ಅಂತ ಕರೆಯುತ್ತಿದ್ದರು, ಅವನ ಆಯ್ಕೆ ಖಚಿತ. ಇನ್ನೂ ಕೆಲವು ಶತಮಾನ ಕಳೆದ ಮೇಲೆ ‘ಕ್ಯಾಂಡಿಡಾಟಿ’ ಅಂದರೆ ಬಿಳಿ ಸಮವಸ್ತ್ರ ತೊಟ್ಟ ಚಕ್ರವರ್ತಿಯ ಅಂಗರಕ್ಷಕರು ಅಂತಾಯಿತು. ಜನರ ಮುಂದೆ ಕೈ ಮುಗಿದು ನಿಲ್ಲುತ್ತಿದ್ದವನ ಹೆಸರು ಅರಸನ ಬೆನ್ನ ಹಿಂದೆ ಕತ್ತಿ ಹಿಡಿದು ನಿಲ್ಲುವವನಿಗೆ ಬಂತು. ಬಟ್ಟೆ ಅದೇ. ಹೈಕಮಾಂಡ್ ಬಾಗಿಲಲ್ಲಿ ಟಿಕೆಟ್‌ಗಾಗಿ ಕಾಯುವವರ ಸುದ್ದಿ ಬರೆಯುವಾಗಲೆಲ್ಲ ಇದು ನೆನಪಾಗುತ್ತೆ.

ಲ್ಯಾಟಿನ್‌ಗಿಂತ ಹಿಂದೆ: ಹರಿಶ್ಚಂದ್ರನ ‘ಶ್’

‘ಕ್ಯಾಂಡೇರೆ’ಗೂ ಹಿಂದೆ ಏನಿತ್ತು? ಭಾಷಾವಿಜ್ಞಾನಿಗಳು ಮರುರಚಿಸಿದ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ‘ಕಂದ್’ ಎಂಬ ಧಾತು ಸಿಗುತ್ತೆ, ಹೊಳೆ ಅನ್ನುವ ಅರ್ಥದಲ್ಲಿ. ಕೆಲವು ಕವಲುಗಳಲ್ಲಿ ಅದರ ಮುಂದೆ ಒಂದು ಸಕಾರವೂ ಇದೆ. ವೆಲ್ಶ್ ಭಾಷೆಯಲ್ಲಿ ಬಿಳಿ ಎಂಬ ಅರ್ಥದ ‘ಕನ್’ ಈ ಬೇರಿನದು. ಸಂಸ್ಕೃತದಲ್ಲಿ ಅದೇ ಬೇರು ಕೊಟ್ಟ ಪದ ‘ಚಂದ್ರ’. ಮೊದಲ ಅರ್ಥ ಹೊಳೆಯುವವನು, ಆಮೇಲೆ ಆಕಾಶದ ಚಂದ್ರ.

ಆ ಮುಂದಿನ ಸಕಾರದ ಕುರುಹು ನಮಗೆಲ್ಲ ಗೊತ್ತಿರುವ ಒಂದು ಹೆಸರಿನಲ್ಲಿದೆ. ಹರಿ ಮತ್ತು ಚಂದ್ರ ಸೇರಿದರೆ ‘ಹರಿಚಂದ್ರ’ ಆಗಬೇಕು. ಆದರೆ ನಾವು ಹೇಳೋದು ‘ಹರಿಶ್ಚಂದ್ರ’. ನಡುವೆ ‘ಶ್’ ಎಲ್ಲಿಂದ ಬಂತು? ವೇದದ ಭಾಷೆಯಲ್ಲಿ ‘ಶ್ಚಂದ್ರ’ ಎಂಬ ಹಳೆಯ ರೂಪ ಇತ್ತು, ಅದು ಕೆಲವು ಸಮಾಸಗಳಲ್ಲಿ ಉಳಿದುಕೊಂಡಿತು. ಪಾಣಿನಿಯ ಕಾಲಕ್ಕೆ ಇದು ಆಗಲೇ ವಿಚಿತ್ರವಾಗಿ ಕಂಡಿರಬೇಕು. ಪ್ರಸ್ಕಣ್ವ, ಹರಿಶ್ಚಂದ್ರ ಎಂಬ ಋಷಿಗಳ ಹೆಸರಿಗೆಂದೇ ಅವನು ಒಂದು ಪ್ರತ್ಯೇಕ ಸೂತ್ರ ಕೊಟ್ಟಿದ್ದಾನೆ.

ಅಂದರೆ ‘ಕ್ಯಾಂಡಿಡೇಟ್’ ಮತ್ತು ‘ಹರಿಶ್ಚಂದ್ರ’ ಒಂದೇ ಬೇರಿನ ಎರಡು ಚಿಗುರು! ರಾಘವಾಂಕನ ಕಾವ್ಯದಿಂದ ಹಿಡಿದು ನಾಟಕ, ಸಿನಿಮಾವರೆಗೆ ಕನ್ನಡಿಗರಿಗೆ ಸತ್ಯ ಅಂದರೆ ಹರಿಶ್ಚಂದ್ರ. “ಅವನೇನು ಸತ್ಯಹರಿಶ್ಚಂದ್ರನಾ?” ಅಂತ ನಾವು ವ್ಯಂಗ್ಯವಾಗಿ ಕೇಳೋದು ಹೆಚ್ಚಾಗಿ ಯಾರ ಬಗ್ಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಒಂದು, “ನೋಡಿದ್ರಾ, ಇಂಗ್ಲಿಷ್ ಪದ ಸಂಸ್ಕೃತದಿಂದಲೇ ಬಂದಿದ್ದು” ಅಂತ ಫಾರ್ವರ್ಡ್ ಮಾಡಬೇಡಿ. ಲ್ಯಾಟಿನ್ ಮತ್ತು ಸಂಸ್ಕೃತ ಅಕ್ಕ-ತಂಗಿಯರು, ತಾಯಿ-ಮಗಳಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಈಗ ಇಲ್ಲದ ಒಂದು ಮೂಲದಿಂದ ಬಂದಿರಬಹುದು ಎಂದು ವಿಲಿಯಂ ಜೋನ್ಸ್ ಕಲ್ಕತ್ತಾದಲ್ಲಿ ಹೇಳಿದ್ದು 1786ರಲ್ಲಿ. ಕನ್ನಡ ಈ ಕುಟುಂಬದ್ದೇ ಅಲ್ಲ. ದಕ್ಷಿಣದ ಭಾಷೆಗಳದ್ದು ಬೇರೆ ಬಳಗ ಅಂತ ಮದ್ರಾಸಿನಲ್ಲಿ ಎಲ್ಲಿಸ್ 1816ರಲ್ಲಿ ತೋರಿಸಿದ, 1856ರಲ್ಲಿ ಕಾಲ್ಡ್‌ವೆಲ್ ಅದನ್ನು ವಿಸ್ತರಿಸಿದ. ‘ಚಂದ್ರ’ ನಾವು ಸಾಲ ತಂದ ಪದ. ನಮ್ಮದೇ ಪದ ‘ತಿಂಗಳು’. ಆಕಾಶದ್ದೂ ಅದೇ, ಕ್ಯಾಲೆಂಡರಿನದ್ದೂ ಅದೇ.

ಎರಡು, ಸದ್ದು ಒಂದೇ ಥರ ಇದೆ ಅಂತ ಸಂಬಂಧ ಕಟ್ಟಬೇಡಿ. ‘ಕಂದ್’ ಅಂದರೆ ಹೊಳೆ ಅಂತ ಓದಿದ ಕೂಡಲೇ ನನಗೂ ನಮ್ಮ ‘ಕೆಂಡ’ ನೆನಪಾಯಿತು. ಕೆಂಡ ಉರಿಯುತ್ತೆ, ಹೊಳೆಯುತ್ತೆ, ಸದ್ದೂ ಹತ್ತಿರ. ಆದರೆ ಅದು ಕೆಂಪು, ಕೆಂದಾವರೆ, ಕೆನ್ನೀರು ಇವುಗಳ ಬಳಗದ ದ್ರಾವಿಡ ಪದ. ಬರೀ ಕಾಕತಾಳೀಯ. ಎರಡು ಗ್ರಾಫ್ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅಂತ ಎಂಜಿನಿಯರಿಂಗ್‌ನಲ್ಲಿ ಕಲಿತ ಪಾಠ ಪದಗಳಿಗೂ ಅನ್ವಯಿಸುತ್ತೆ.

ಕ್ಯಾಂಡಲ್, ಕ್ಯಾಂಡೆಲಾ, ಕ್ಯಾಂಡಿಡ್

ಇಂಗ್ಲಿಷ್‌ನಲ್ಲಿ ಈ ಬೇರಿನ ಬಳಗ ದೊಡ್ಡದು. ಮೇಣದ ಬತ್ತಿಯ ‘ಕ್ಯಾಂಡಲ್’ ಹಳೇ ಇಂಗ್ಲಿಷ್ ಕಾಲದಲ್ಲೇ ಲ್ಯಾಟಿನ್‌ನಿಂದ ಬಂತು. ‘ಶಾಂಡೆಲಿಯರ್’ ಫ್ರೆಂಚ್ ದಾರಿಯಲ್ಲಿ ಬಂತು. ಧೂಪದ ‘ಇನ್ಸೆನ್ಸ್’, ಬೆಂಕಿ ಹಚ್ಚುವ ‘ಇನ್ಸೆಂಡಿಯರಿ’ ಇದೇ ಮನೆಯವು. ಬೆಳಕಿನ ತೀವ್ರತೆ ಅಳೆಯುವ ‘ಕ್ಯಾಂಡೆಲಾ’ 1948ರಲ್ಲಿ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ಹೆಸರು, ಇವತ್ತು ಎಸ್‌ಐ ಪದ್ಧತಿಯ ಏಳು ಮೂಲ ಮಾನಗಳಲ್ಲಿ ಒಂದು. ಫಿಸಿಕ್ಸ್ ಪುಸ್ತಕದಲ್ಲಿ ಅದನ್ನು ಉರು ಹೊಡೆಯುವಾಗ, ಅದರ ಅಣ್ಣ ಚುನಾವಣೆಗೆ ನಿಲ್ತಾನೆ ಅಂತ ಯಾರೂ ಹೇಳಲಿಲ್ಲ.

‘ಕ್ಯಾಂಡಿಡೇಟ್’ ಇಂಗ್ಲಿಷ್‌ನಲ್ಲಿ ನೆಲೆಯೂರಿದ್ದು 17ನೇ ಶತಮಾನದ ಆರಂಭದಲ್ಲಿ. ಅದಕ್ಕೂ ಮುಂಚೆ ಶೇಕ್ಸ್‌ಪಿಯರ್‌ನ ‘ಟೈಟಸ್ ಆಂಡ್ರಾನಿಕಸ್’ ನಾಟಕದಲ್ಲಿ ಟೈಟಸ್‌ಗೆ ಬಿಳಿ ನಿಲುವಂಗಿ ಕೊಟ್ಟು ಚಕ್ರವರ್ತಿ ಪದವಿಗೆ ನಿಲ್ಲು ಅನ್ನುವಾಗ ಲ್ಯಾಟಿನ್ ರೂಪವೇ ಬಂದಿದೆ. ಅದೇ 17ನೇ ಶತಮಾನದಲ್ಲಿ ‘ಕ್ಯಾಂಡಿಡ್’ ಕೂಡ ಇಂಗ್ಲಿಷ್‌ಗೆ ಬಂತು. ಮೊದಲು ಬಿಳಿ, ಆಮೇಲೆ ಕಳಂಕವಿಲ್ಲದ, ಆಮೇಲೆ ದುರುದ್ದೇಶವಿಲ್ಲದ, ಕೊನೆಗೆ ಮುಚ್ಚುಮರೆಯಿಲ್ಲದ ಎಂಬ ಅರ್ಥಕ್ಕೆ ಸರಿಯಿತು. ಬಟ್ಟೆಯ ಬಿಳಿ ಒಬ್ಬನಿಗೆ ಹೋಯಿತು, ಮಾತಿನ ನೇರ ಇನ್ನೊಬ್ಬನಿಗೆ. ಕ್ಯಾಂಡಿಡೇಟ್ ಮತ್ತು ಕ್ಯಾಂಡಿಡ್ ಒಂದೇ ಮನೆಯಲ್ಲಿ ಹುಟ್ಟಿ ಮಾತು ಬಿಟ್ಟ ಅಣ್ಣತಮ್ಮಂದಿರು.

ನಮ್ಮ ನಾಲ್ಕು ಪದ

ಈಗ ನಮ್ಮ ಪದಗಳನ್ನು ನೋಡಿ. ‘ಅಭ್ಯರ್ಥಿ’ ಸಂಸ್ಕೃತದ್ದು: ಬೇಡಿಕೊಳ್ಳುವವನು. ವಿಶೇಷ ಏನಂದರೆ ರೋಮಿನವರು ಚುನಾವಣೆಗೆ ನಿಲ್ಲುವುದನ್ನು ‘ಪೆಟಿಟಿಯೋ’ ಅನ್ನುತ್ತಿದ್ದರು. ಅದರ ಅರ್ಥವೂ ಬೇಡುವುದೇ, ‘ಪಿಟಿಷನ್’ ಬಂದದ್ದು ಅಲ್ಲಿಂದಲೇ. ‘ಉಮೇದುವಾರ’ ಪರ್ಷಿಯನ್‌ನಿಂದ ಬಂದದ್ದು. ಅಲ್ಲಿ ‘ಉಮೇದ್’ ಅಂದರೆ ಆಸೆ, ಭರವಸೆ, ಹಾಗಾಗಿ ಉಮೇದುವಾರ ಅಂದರೆ ಆಸೆ ಇಟ್ಟುಕೊಂಡವನು. ಕನ್ನಡಕ್ಕೆ ಬರುವಷ್ಟರಲ್ಲಿ ಉಮೇದು ಉತ್ಸಾಹ ಆಯಿತು. ಪತ್ರಿಕೆಯವರಿಗೆ ಪ್ರಿಯವಾದ ‘ಹುರಿಯಾಳು’ ಕಣಕ್ಕಿಳಿಯುವ ಗಟ್ಟಿ ಆಳು, ಪೈಲ್ವಾನನ ಚಿತ್ರ. ನಾಲ್ಕನೆಯದು ಈ ಎರವಲು ‘ಕ್ಯಾಂಡಿಡೇಟ್’.

ಒಬ್ಬ ಬೇಡುತ್ತಾನೆ, ಒಬ್ಬ ಆಸೆಪಡುತ್ತಾನೆ, ಒಬ್ಬ ಕಾದಾಡುತ್ತಾನೆ, ಒಬ್ಬ ಬೆಳ್ಳಗೆ ಕಾಣುತ್ತಾನೆ. ನಾಲ್ಕೂ ಪದ ನಿಂತವನ ಬಗ್ಗೆ ಮಾತಾಡುತ್ತವೆ. ಮತ ಹಾಕುವವನಿಗೆ ಅವನು ಏನು ಉತ್ತರ ಕೊಡಬೇಕು ಅನ್ನೋದು ಒಂದರಲ್ಲೂ ಇಲ್ಲ.

ಬೋರ್ಡ್ ಮೇಲಿನ ಇನ್ನೊಂದು ಲ್ಯಾಟಿನ್ ಪದ

ಉತ್ತರ ಕೊಡಬೇಕು ಅನ್ನುವ ಪದ ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡ್ ಮೇಲಿತ್ತು. ‘ಅಫಿಡವಿಟ್’ ಕೂಡ ಲ್ಯಾಟಿನ್, ಮಧ್ಯಯುಗದ ನ್ಯಾಯಾಲಯದ ಲ್ಯಾಟಿನ್. ಅರ್ಥ ‘ಅವನು ಪ್ರಮಾಣ ಮಾಡಿ ಹೇಳಿದ್ದಾನೆ’. ಒಳಗಿರುವುದು ‘ಫಿಡೆಸ್’, ಅಂದರೆ ನಂಬಿಕೆ.

ಅದು ಸುಲಭವಾಗಿ ಬಂದದ್ದಲ್ಲ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಮೇ 2ರಂದು, ಅಭ್ಯರ್ಥಿಯ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾಭ್ಯಾಸ ತಿಳಿಯುವುದು ಮತದಾರನ ಹಕ್ಕು ಅಂತ ಹೇಳಿತು. ಸಂಸತ್ತು ಅದೇ ವರ್ಷ ಕಾನೂನು ತಿದ್ದಿ, ಕೋರ್ಟ್ ಏನೇ ಹೇಳಿದರೂ ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚು ಕೊಡಬೇಕಿಲ್ಲ ಅಂತ 33ಬಿ ಸೆಕ್ಷನ್ ಸೇರಿಸಿತು. 2003ರ ಮಾರ್ಚ್ 13ರಂದು ಕೋರ್ಟ್ ಅದನ್ನು ರದ್ದು ಮಾಡಿತು. 2013ರಲ್ಲಿ ಯಾವ ಕಾಲಂ ಕೂಡ ಖಾಲಿ ಬಿಡುವಂತಿಲ್ಲ ಅಂತಾಯಿತು. 2018ರಲ್ಲಿ ಆದಾಯದ ಮೂಲವನ್ನೂ ಹೇಳಬೇಕು ಅಂತಾಯಿತು. ಇಷ್ಟೆಲ್ಲ ಸೇರಿ ಇವತ್ತಿನ ಫಾರಂ 26.

ಮಿತಿಗಳೂ ಇವೆ. ಸುಳ್ಳು ಹೇಳಿದರೆ ಅಥವಾ ಮುಚ್ಚಿಟ್ಟರೆ 125ಎ ಸೆಕ್ಷನ್ ಪ್ರಕಾರ ಗರಿಷ್ಠ ಶಿಕ್ಷೆ ಆರು ತಿಂಗಳ ಜೈಲು, ಅಥವಾ ಬರೀ ದಂಡದಲ್ಲೂ ಮುಗಿಯಬಹುದು. 2024ರ ಏಪ್ರಿಲ್‌ನಲ್ಲಿ ಅರುಣಾಚಲ ಪ್ರದೇಶದ ಒಂದು ಪ್ರಕರಣದಲ್ಲಿ, ಅಭ್ಯರ್ಥಿ ತನ್ನ ಪ್ರತಿಯೊಂದು ಚರಾಸ್ತಿಯನ್ನೂ ಹೇಳಬೇಕಿಲ್ಲ, ಅವನಿಗೂ ಖಾಸಗಿತನ ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಗಣನೀಯ ಆಸ್ತಿ ಅಥವಾ ಐಷಾರಾಮಿ ಬದುಕನ್ನು ತೋರಿಸುವ ವಸ್ತುಗಳಾದರೆ ಹೇಳಲೇಬೇಕು ಅಂತಲೂ ಹೇಳಿತು. ಕೈಬದಲಾದ ಹಳೇ ವಾಹನಕ್ಕೆ ಶಾಸಕತ್ವ ಕಳೆಯಬಾರದು ಅನ್ನೋದು ನನಗೂ ಒಪ್ಪಿಗೆ. ಆದರೆ ‘ಗಣನೀಯ’ ಅನ್ನುವ ಗೆರೆ ಎಲ್ಲಿ ಎಳೆಯಬೇಕು ಅನ್ನೋದನ್ನು ಸುಣ್ಣ ಉಜ್ಜುವವರ ಕೈಗೇ ಬಿಟ್ಟರೆ ಕಷ್ಟ.

ಖರ್ಚಿನ ಲೆಕ್ಕದಲ್ಲಂತೂ ಸುಣ್ಣ ಇನ್ನೂ ದಪ್ಪ. 2022ರಿಂದ ಕರ್ನಾಟಕದಂಥ ರಾಜ್ಯಗಳಲ್ಲಿ ಅಭ್ಯರ್ಥಿಯ ಮಿತಿ ವಿಧಾನಸಭೆಗೆ 40 ಲಕ್ಷ ರೂಪಾಯಿ, ಲೋಕಸಭೆಗೆ 95 ಲಕ್ಷ ರೂಪಾಯಿ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ರೋಮಿನ ‘ಡಿವಿಸೋರ್’ ಇವತ್ತು ಇದ್ದಿದ್ದರೆ ಈ ನಿಯಮ ಓದಿ ನಗುತ್ತಿದ್ದ.

ಪದದ ಮೂಲ ತಿಳಿದ ಮಾತ್ರಕ್ಕೆ ರಾಜಕೀಯ ಬದಲಾಗಲ್ಲ. ಪದ ಎಲ್ಲಿಂದ ಬಂತು ಅನ್ನೋದು ಅದು ಈಗ ಏನಾಗಬೇಕು ಅಂತ ಹೇಳಲ್ಲ. ಆದರೆ ಈ ಪದದ ಚರಿತ್ರೆ ಒಂದನ್ನಂತೂ ತೋರಿಸುತ್ತೆ: ಮತದಾರ ಕೇಳೋದು ನಿಲ್ಲಿಸಿದ ಮೇಲೂ ಬಿಳಿ ಬಟ್ಟೆ, ಕ್ಯಾಂಡಿಡೇಟ್ ಎಂಬ ಹೆಸರು ಎರಡೂ ಹಾಗೇ ಉಳಿಯುತ್ತವೆ. ಹೋಗುವುದು ನಾವು.

ಮುಂದಿನ ಚುನಾವಣೆಗೆ ಚುನಾವಣಾ ಆಯೋಗದ ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್‌ನಲ್ಲಿ ನಿಮ್ಮ ಕ್ಷೇತ್ರದ ಒಂದೇ ಒಂದು ಫಾರಂ 26 ತೆಗೆದು ಓದಿ. ಹಿಂದಿನ ಸಲದ್ದನ್ನೂ ಪಕ್ಕದಲ್ಲಿಡಿ. ಐದು ವರ್ಷದಲ್ಲಿ ಏನು ಏರಿತು, ಯಾವ ಕೇಸು ಸೇರಿತು, ಯಾವ ಸೈಟು ಹೆಂಡತಿ ಹೆಸರಿಗೆ ಹೋಯಿತು ಅಂತ ನೋಡಿ. ಅದನ್ನೇ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರಿಗೆ ಹೇಳಿ. ಅರ್ಧ ಗಂಟೆಯ ಕೆಲಸ. ಅವತ್ತು ಆ ಬೋರ್ಡ್ ಮುಂದೆ ನಾನೊಬ್ಬನೇ ನಿಂತಿದ್ದೆ. ಇಬ್ಬರಾದರೂ ಆಗೋಣ.